ಥರ್ಜಾ ಗಿಡ್ಲಿ ಮತ್ತು ನಾನೂರು ವರ್ಷದ ಚಮಚ

ಬೆಳಕು ಇನ್ನೂ ನೆಟ್ಟಗೆ ಹರಿದಿಲ್ಲ. ಸ್ಟೋಕ್‌ಕೂಂಬ್ ಚರ್ಚಿನ ಉತ್ತರ ಮಗ್ಗುಲಲ್ಲಿ ಥರ್ಜಾ ಗಿಡ್ಲಿ ಹುಲ್ಲಿನ ಮೇಲೆ ಮೊಣಕಾಲೂರಿ ಕೂತಿದ್ದಾರೆ. ಮಂಡಿಯ ಕೆಳಗೆ ಮಡಚಿದ ಗೋಣಿಚೀಲ, ಬಲಗೈಯಲ್ಲಿ ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿ, ಎಡಗೈಯಲ್ಲಿ ಬಿಸ್ಕತ್ ಡಬ್ಬಿಯ ಹೊಳೆಯುವ ಮುಚ್ಚಳ. ಎದುರಿಗೆ ಒಂದು ಕಡೆ ವಾಲಿಕೊಂಡಿರುವ ಕರಿಕಲ್ಲಿನ ಗೋರಿ. ನೀರು ಬಿದ್ದ ಕಲ್ಲು ಇನ್ನಷ್ಟು ಕಪ್ಪಾಗಿದೆಯೇ ಹೊರತು ಅದರ ಮೇಲೆ ನನಗೆ ಏನೂ ಕಾಣುತ್ತಿಲ್ಲ.

“ತಡಿ ಚಿನ್ನ, ಅವಸರ ಮಾಡ್ಬೇಡ. ಸೂರ್ಯ ರೂಬೆನ್ ಮಾಂಸದಂಗಡಿ ಹೊಗೆಗೂಡು ದಾಟ್ಲಿ,” ಎನ್ನುತ್ತಾರೆ. ಪಾದ್ರಿಯಿಂದ ಹಿಡಿದು ಹಾಲು ಹಾಕುವವನವರೆಗೆ ಈ ಊರಿನ ಎಲ್ಲರೂ ಥರ್ಜಾಗೆ ಚಿನ್ನವೇ.

ಸೂರ್ಯ ದಾಟುತ್ತಾನೆ. ಚರ್ಚಿನ ಈ ಮಗ್ಗುಲಿಗೆ ಬಿಸಿಲು ಬೀಳುವುದು ಬೇಸಿಗೆಯ ಮುಂಜಾನೆ ಮಾತ್ರ, ಅದೂ ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು. ಥರ್ಜಾ ಮುಚ್ಚಳವನ್ನು ಓರೆ ಹಿಡಿದು, ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ ಮಾಡುತ್ತಾರೆ. ಇಲ್ಲದ ಅಕ್ಷರಗಳು ಎದ್ದು ಕೂರುತ್ತವೆ. ‘ಜೋನ್, ಆಂಬ್ರೋಸ್ ಗಿಡ್ಲಿಯ ಹೆಂಡತಿ.’ ಅದರ ಕೆಳಗೆ ಬೆರಳುದ್ದದ ಒಂದು ಕೆತ್ತನೆ. ಮಸುಕಾಗಿ ಕಂಡವರು ಅದನ್ನು ಲಿಲಿ ಹೂವಿನ ಮೊಗ್ಗು ಅಂದುಕೊಂಡಿದ್ದರು. ಅದು ಮೊಗ್ಗಲ್ಲ. ತೆಳ್ಳನೆಯ ಹಿಡಿ, ಅಂಜೂರದ ಆಕಾರದ ಬಾಯಿ, ಹಿಡಿಯ ತುದಿಗೆ ಒಂದು ಪುಟ್ಟ ಗುಂಡು. ಅದು ಚಮಚ.

“ನೀನೇ ಹೇಳು,” ಎಂದು ಥರ್ಜಾ ನನ್ನ ಕಡೆ ತಿರುಗುತ್ತಾರೆ. “ಗಂಡ ಚಮಚದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದಿದ್ರೆ, ಹೆಂಡ್ತಿ ಆದವ್ಳು ತನ್ ಗೋರಿ ಮೇಲೆ ಚಮಚ ಕೆತ್ತಿಸ್ಕೊಳ್ತಿದ್ಲಾ?”

ಥರ್ಜಾಗೆ ಅರವತ್ತೆಂಟು. ನಮ್ಮದೂ ಸೇರಿ ಸುತ್ತಲಿನ ಐದು ಊರುಗಳ ಚರ್ಚಿನಂಗಳದ ಹುಲ್ಲು ಕತ್ತರಿಸುವುದು ಅವರ ಕೆಲಸ. ಏಪ್ರಿಲ್ ಬಂತೆಂದರೆ ಕೈಗೆ ಬಿಡುವಿಲ್ಲ. ಐದನೇ ಅಂಗಳ ಮುಗಿಯುವ ಹೊತ್ತಿಗೆ ಮೊದಲನೆಯದು ಮತ್ತೆ ಮೊಣಕಾಲುದ್ದ ಬೆಳೆದಿರುತ್ತದೆ. ಯಂತ್ರಕ್ಕೆ ಅವರು ಇಟ್ಟಿರುವ ಹೆಸರು ‘ಮುದುಕಿ’. ಮುದುಕಿ ದಾರ ಎಳೆದ ಕೂಡಲೇ ಎದ್ದದ್ದನ್ನು ಊರು ಕಂಡಿಲ್ಲ, ಮೊದಲು ಬೈಸಿಕೊಳ್ಳಬೇಕು. ಗೋರಿಗಳ ಅಂಚಿಗೆ ಮಾತ್ರ ಯಂತ್ರ ತರುವುದಿಲ್ಲ, ಅಲ್ಲಿ ಕೈಗತ್ತರಿಯೇ ಆಗಬೇಕು. ಲಾರಿ ಓಡಿಸುತ್ತಿದ್ದ ಗಂಡ ವಾಲ್ಟರ್ ಬೆನ್ನುಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಾಗ ಶುರುವಾದ ದುಡಿಮೆ ಇದು. ಅವರು ತೀರಿಕೊಂಡು ಬಹಳ ವರ್ಷವಾದರೂ ನಿಂತಿಲ್ಲ. “ಸತ್ತೋರ ಹತ್ರ ಕೆಲ್ಸ ಮಾಡೋದು ಸುಖ ಕಣೋ. ಅಲ್ಲಿ ಉಳೀತು, ಇಲ್ಲಿ ಉಳೀತು ಅಂತ ಕೊಂಕು ತೆಗಿಯೋರು ಯಾರೂ ಇಲ್ಲ,” ಎಂದು ನಗುತ್ತಾರೆ.

ಆದರೆ ಈ ಹೆಂಗಸನ್ನು ನಾನು ಹುಡುಕಿಕೊಂಡು ಬಂದದ್ದು ಹುಲ್ಲಿಗಾಗಿ ಅಲ್ಲ.

ನಮ್ಮೂರಿನಲ್ಲಿ ‘ಗಿಡ್ಲಿ ಚಮಚ’ ಅಂದರೆ ಅರ್ಥ ಹೇಳಬೇಕಾಗಿಲ್ಲ. ಮೇಲೆ ಥಳಕು, ಒಳಗೆ ಹುಳುಕು. ಕೇಕ್ ಮೇಲೆ ಕೆಂಪಗಿದ್ದು ನಡುವೆ ಹಸಿಹಿಟ್ಟಾಗಿದ್ದರೆ ಗಿಡ್ಲಿ ಚಮಚ. ಚುನಾವಣೆಗೆ ಮೊದಲು ರಸ್ತೆ ಮಾಡಿಸುತ್ತೇನೆಂದವನು ಗಿಡ್ಲಿ ಚಮಚ. ಹೊಸ ಅಳಿಯನ ಕೋಟು ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ, ಮೂಲೆಯಿಂದ ಒಂದು ಮುದಿದನಿ ಬಂದೇ ಬರುತ್ತದೆ: “ಕಾದು ನೋಡಿ, ಗಿಡ್ಲಿ ಚಮಚ ಆಗ್ದಿದ್ರೆ ಸಾಕು.” ಆಡುವವರಿಗೇನು, ನಾಲಿಗೆಗೆ ಮೂಳೆಯಿಲ್ಲ. ಅದೇ ಹೆಸರು ಹೊತ್ತು ಶಾಲೆಗೆ ಹೋಗುವ ಹುಡುಗಿಯ ಪಾಡು ಬೇರೆ.

“ನಾನು ಒಂದ್ ಪೆನ್ಸಿಲ್ ಎತ್ಕೊಂಡ್ರೂ, ನೋಡ್ರೋ ಗಿಡ್ಲಿ ಕದ್ಲು, ಅನ್ನೋರು. ನಮ್ಮಪ್ಪ ತಕ್ಕಡಿ ಮುಟ್ಟೋ ಕೆಲ್ಸಕ್ಕೆ ಹೋಗ್ಲೇ ಇಲ್ಲ. ಯಾರು ಕೊಡ್ತಿದ್ರು ಅವ್ನಿಗೆ?” ಎಂದು ಥರ್ಜಾ ನೆನೆಯುತ್ತಾರೆ. ಇಲ್ಲಿ ಮಗುವಿಗೆ ಚರ್ಚಿನಲ್ಲಿ ಹೆಸರಿಡುವ ದಿನ ಬೆಳ್ಳಿ ಚಮಚ ಕೊಡುವುದು ರೂಢಿ. ಗಿಡ್ಲಿಗಳು ಮಾತ್ರ ಮರದ ಚಮಚ ಕೊಡುತ್ತಾರೆ. ಕೊಡಲು ಬೆಳ್ಳಿಯಿಲ್ಲ ಎಂದಲ್ಲ, ಗಿಡ್ಲಿ ಕೈಯಿಂದ ಬೆಳ್ಳಿ ಬಂದರೆ ಜನ ನಕ್ಕಾರೆಂದು. ಥರ್ಜಾ ಅವರ ತಮ್ಮ ಡೆನ್ಜಿಲ್ ಮದುವೆಯಾದ ದಿನವೇ ಹೆಂಡತಿಯ ಮನೆಹೆಸರು ಹಾಕಿಕೊಂಡು ಪ್ಲಿಮತ್‌ಗೆ ಹೊರಟುಹೋದರು. ವಾಲ್ಟರ್ ಕೂಡ ಮದುವೆಯ ಹೊತ್ತಿಗೆ, “ನನ್ ಹೆಸ್ರು ಹಾಕ್ಕೋ ಥರ್ಜಾ, ಪೀಡೆ ಕಳೀತದೆ,” ಎಂದಿದ್ದರಂತೆ. ಥರ್ಜಾ ಒಪ್ಪಲಿಲ್ಲ. “ನಾನು ಬಿಟ್ರೆ ತಪ್ಪು ಒಪ್ಕೊಂಡಂಗೆ ಅಲ್ವಾ?”

ಊರಿನ ಬಾಯಲ್ಲಿ ಉಳಿದಿರುವ ಕತೆ ಇಷ್ಟು. ನಾನೂರು ವರ್ಷದ ಹಿಂದೆ ಆಂಬ್ರೋಸ್ ಗಿಡ್ಲಿ ಎಂಬ ಬೆಳ್ಳಿ ಕೆಲಸದವನು ಎಕ್ಸಿಟರ್‌ನಲ್ಲಿ ಕೆಲಸ ಕಲಿತು, ಹೆಂಡತಿ ಜೋನಳೊಂದಿಗೆ ಇಲ್ಲಿಗೆ ಬಂದು ಸೇತುವೆಯ ಪಕ್ಕ ಕುಲುಮೆ ಹಾಕಿದ. ಮಾಂಸದ ಅಂಗಡಿಯ ಚಗ್ ಮನೆತನದವರು ಮೊಮ್ಮಗನ ನಾಮಕರಣಕ್ಕೆ ಅವನ ಕೈಯಲ್ಲಿ ಒಂದು ಚಮಚ ಮಾಡಿಸಿದರು. ಒಂದು ಚಳಿಗಾಲ ಕಳೆಯುವುದರೊಳಗೆ ಹಿಡಿಯ ತುದಿಯ ಗುಂಡಿನ ಕೆಳಗೆ ಕಪ್ಪು ಕಲೆ ಎದ್ದಿತು. ಉಜ್ಜಿದರೆ ಹೋಗುವುದು, ಮತ್ತೆ ಬರುವುದು. ‘ಬೆಳ್ಳಿಗೆ ತಾಮ್ರ ಬೆರೆಸಿದ್ದಾನೆ’ ಎಂದು ಚಗ್ ಬೊಬ್ಬೆ ಹಾಕಿದ. ಬೆಳ್ಳಿ ಒರೆಹಚ್ಚಿ ಬಲ್ಲವರು ಊರಲ್ಲಿ ಇರಲಿಲ್ಲ. ಹಿರಿಯರು ಕುದುರೆಗೆ ಲಾಳ ಹೊಡೆಯುವ ಕಮ್ಮಾರನನ್ನು ಕರೆಸಿ ಚಮಚವನ್ನು ಕೆರೆಸಿದರು, ಕೆರೆದ ಪುಡಿಯನ್ನು ಕಾಯಿಸಿ ನೋಡಿದರು. ಬೆಳ್ಳಿ ಕಡಿಮೆ ಬಂತು. ಸಂತೆಯ ದಿನ ಆಂಬ್ರೋಸನನ್ನು ಕಂಬಕ್ಕೆ ನಿಲ್ಲಿಸಿ ಬಲಗಿವಿಯನ್ನು ಅದಕ್ಕೆ ಸೇರಿಸಿ ಮೊಳೆ ಹೊಡೆದರು, ಕಿತ್ತುಕೊಂಡು ಬರುವಾಗ ಕಿವಿ ಹರಿಯಿತು. ಚಮಚ ಅಂದಿನಿಂದ ಚಗ್ ಅಂಗಡಿಯ ಗೋಡೆಯಲ್ಲಿ ನೇತಾಡುತ್ತಿದೆ. ಈಗಿನ ಯಜಮಾನ ರೂಬೆನ್ ಚಗ್ ಅವರ ತಲೆಯ ಹಿಂದೆ, ಸಾಸೇಜ್ ಮಾಲೆಗಳ ಪಕ್ಕದಲ್ಲಿ ಅದನ್ನು ನೋಡುತ್ತಲೇ ನಾವೆಲ್ಲ ದೊಡ್ಡವರಾದೆವು.

ವಾಲ್ಟರ್ ಹೋದ ಮೇಲೆ ಥರ್ಜಾ ಆಂಬ್ರೋಸನ ಬೆನ್ನು ಹತ್ತಿದರು. ಮಳೆ ಬಂದು ಹುಲ್ಲು ಕತ್ತರಿಸಲಾಗದ ದಿನ ಬಸ್ ಹತ್ತಿ ಎಕ್ಸಿಟರ್‌ನ ದಾಖಲೆಗಳ ಮನೆಗೆ ಹೋಗುವುದು. ಉಳಿದ ದಿನ ಐದೂ ಅಂಗಳಗಳ ಗೋರಿಗಳನ್ನು ಒಂದೊಂದಾಗಿ ತೊಳೆದು ಓದುವುದು. “ದಾಖಲೆ ಮನೇಲಿ ಪೆನ್ಸಿಲ್ ಬಿಟ್ರೆ ಏನೂ ಒಳಗೆ ಬಿಡಲ್ಲ. ನನ್ ಚೀಸ್ ಬ್ರೆಡ್ಡು ಹೊರಗಡೆ ಬೆಂಚಿನ ಮೇಲೆ ಕಾಯ್ತಾ ಕೂತಿರ್ತಿತ್ತು. ಒಂದಿನ ಕಡಲಕಾಗೆ ಎತ್ಕೊಂಡು ಹೋಯ್ತು.” ಹೀಗೆ ಚೂರುಚೂರಾಗಿ ಒಂದು ಕುಟುಂಬ ಕೂಡಿಕೊಂಡಿತು. ಆಂಬ್ರೋಸ್ ಒಬ್ಬ ಉಣ್ಣೆ ಬಾಚುವವನ ಮಗ. ಜೋನ್ ಅವನ ಗುರುವಿನ ಮನೆಯ ಅಡಿಗೆಯವಳು. ನಾಲ್ಕು ಮಕ್ಕಳಲ್ಲಿ ಇಬ್ಬರು ಒಂದೇ ಬೇಸಿಗೆಯಲ್ಲಿ ಜ್ವರಕ್ಕೆ ಹೋದರು. ಕಿವಿ ಹರಿದ ಮೇಲೆ ಆಂಬ್ರೋಸ್ ಮತ್ತೆ ಬೆಳ್ಳಿ ಮುಟ್ಟಲಿಲ್ಲ, ತವರದ ಪಾತ್ರೆಗಳಿಗೆ ತೇಪೆ ಹಾಕಿ ಬದುಕಿದ. ಉಳಿದಿಬ್ಬರಲ್ಲಿ ಒಬ್ಬ ಮಗ ಮನೆಗೆ ಹುಲ್ಲು ಹೊದಿಸುವ ಕೆಲಸ ಹಿಡಿದ. ಅಲ್ಲಿಂದಾಚೆ ಗಿಡ್ಲಿಗಳೆಲ್ಲ ಹುಲ್ಲಿನವರೇ, ಥರ್ಜಾವರೆಗೆ.

“ಹುಟ್ಟಿದ್ದು ಬರ್ದಿದಾರೆ, ಸತ್ತಿದ್ದು ಬರ್ದಿದಾರೆ, ಮೊಳೆ ಹೊಡ್ದಿದ್ದೂ ಬರ್ದಿದಾರೆ. ಕದ್ನೋ ಇಲ್ವೋ ಅಂತ ಮಾತ್ರ ಒಬ್ನೂ ಬರ್ದಿಲ್ಲ.”

ಆ ಪ್ರಶ್ನೆಗೆ ಉತ್ತರ ಇದ್ದದ್ದು ಒಂದೇ ಕಡೆ, ರೂಬೆನ್ ಅಂಗಡಿಯ ಗೋಡೆಯಲ್ಲಿ. ಈಗ ಲೋಹಕ್ಕೆ ಗಾಯ ಮಾಡದೆ, ಬೆಳಕು ಹಾಯಿಸಿ ಎಷ್ಟು ಬೆಳ್ಳಿಯಿದೆ ಎಂದು ಹೇಳುವ ಯಂತ್ರ ಬಂದಿದೆ. ಅದು ಗೊತ್ತಿದ್ದೂ ಥರ್ಜಾ ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: “ಹೆದ್ರಿಕೆ ಕಣೋ. ಇಷ್ಟು ದಿನ ಬರೀ ಮಾತು. ಯಂತ್ರ ಹೇಳಿದ್ರೆ ಮುಗೀತು. ನಮ್ಮಪ್ಪ, ಅಜ್ಜ, ಎಲ್ರೂ ಕಳ್ಳನ ವಂಶ ಅಂತ ಮೊಹರು ಬಿದ್ದಂಗೆ.”

ಧೈರ್ಯ ಕೊಟ್ಟದ್ದು ಜೋನಳ ಗೋರಿ. ಕೆಲವು ಬೇಸಿಗೆಗಳ ಹಿಂದೆ, ಸೆಕೆಗೆ ಮುಂಚೆ ಕೆಲಸ ಮುಗಿಸೋಣವೆಂದು ಥರ್ಜಾ ನಸುಕಿನಲ್ಲೇ ಉತ್ತರದ ಮಗ್ಗುಲಿಗೆ ಬಂದಿದ್ದರು. ಮಾನ ಹೋದವರನ್ನು ಹೂಳುತ್ತಿದ್ದ ಕಡೆ ಅದು. ಅಲ್ಲಿಗೆ ಯಾರೂ ಹೂವು ತರುವುದಿಲ್ಲ. ಮುದುಕಿ ಎಂದಿನಂತೆ ಹಟ ಹಿಡಿದು ನಿಂತಳು. ಬೈಯುತ್ತಾ ತಲೆಯೆತ್ತಿದರೆ, ಇಷ್ಟು ವರ್ಷ ಮಸುಕಾಗಿ ಕಾಣುತ್ತಿದ್ದ ಮೊಗ್ಗು ಓರೆಬಿಸಿಲಿನಲ್ಲಿ ಚಮಚವಾಗಿ ನಿಂತಿತ್ತು. “ಈಯಮ್ಮ ನಾನೂರು ವರ್ಷದಿಂದ ಕೂಗ್ತಾ ಇದಾಳೆ, ನಾನು ಅವಳ ತಲೆ ಮೇಲೆ ಯಂತ್ರ ಓಡಿಸ್ತಾ ಇದೀನಿ.”

ಅಂದೇ ಅಂಗಡಿಗೆ ಹೋಗಿ ಕೇಳಿದರು. ರೂಬೆನ್, ಥರ್ಜಾ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮಾತಿಗೆ ಮಾತು ಕೊಡದೆ ಇಬ್ಬರಿಗೂ ಉಂಡದ್ದು ಅರಗುವುದಿಲ್ಲ.

“ಪರೀಕ್ಷೆ ಮಾಡ್ಸಿ, ಒಳ್ಳೇ ಬೆಳ್ಳಿ ಅಂತ ಬಂದ್ರೆ ಗೋಡೆ ಮೇಲೆ ಏನ್ ನೇತಾಕ್ಲಿ? ನಿನ್ನನ್ನಾ?” ಎಂದರು ರೂಬೆನ್.

“ನಿನ್ ಮಾಂಸಕ್ಕಿಂತ ನಾನೇ ಮೆತ್ತಗಿದೀನಿ ಬಿಡೋ,” ಎಂದು ಥರ್ಜಾ ಹೊರಬಂದರು. ರೂಬೆನ್ ಇಲ್ಲ ಎಂದಾಗ ತಮಗೆ ಒಳಗೊಳಗೇ ಒಂದಿಷ್ಟು ನಿರಾಳವೂ ಆಯಿತು ಎನ್ನುತ್ತಾರೆ.

ಮರುವರ್ಷ ರೂಬೆನ್ ಅವರ ತಾಯಿ ತೀರಿಕೊಂಡರು. ರೂಬೆನ್ ಗೋರಿಯ ಸುತ್ತ ಪ್ರಿಮ್‌ರೋಸ್ ಸಸಿ ನೆಟ್ಟರು. ನೆಟ್ಟದ್ದು ಯಾರಿಗೂ ಹೇಳಲಿಲ್ಲ, ದಪ್ಪಮೀಸೆಯ ಕಟುಕ ಹೂವಿನ ಗಿಡ ನೆಡುವುದನ್ನು ಕಂಡರೆ ಜನ ಏನಂದಾರು! ವಸಂತದಲ್ಲಿ ಒಂದು ಬೆಳಿಗ್ಗೆ ಬಂದು ನೋಡುತ್ತಾರೆ, ಥರ್ಜಾ ಹೊಟ್ಟೆ ಅಡಿಯಾಗಿ ಮಲಗಿ, ಯಂತ್ರ ಬದಿಗಿಟ್ಟು, ಹೂವಿನ ಸಂದಿಯ ಹುಲ್ಲನ್ನು ಎಳೆಎಳೆಯಾಗಿ ಕತ್ತರಿಸುತ್ತಿದ್ದಾರೆ. ರೂಬೆನ್ ಬಂದ ದಾರಿಯಲ್ಲೇ ವಾಪಸಾದರು. ಮಾರನೇ ದಿನ ಸಾಸೇಜ್ ಸುತ್ತುವ ಕಾಗದದಲ್ಲಿ ಚಮಚ ಸುತ್ತಿ ತಂದು ಥರ್ಜಾ ಅಡಿಗೆಮನೆಯ ಮೇಜಿನ ಮೇಲಿಟ್ಟರು. “ತಗೊಂಡ್ಹೋಗಿ ಏನ್ ಮಾಡ್ಸ್ತೀಯೋ ಮಾಡ್ಸು. ನಾನೂ ಬರ್ತೀನಿ. ನೀನೊಬ್ಳೇ ನೋಡೋದು ಬೇಡ.”

ಕಳೆದ ಅಕ್ಟೋಬರಿನಲ್ಲಿ ಹಳೆಯ ಸಾಮಾನುಗಳ ಬೆಲೆ ಕಟ್ಟುವ ಪ್ರಿಸ್ಕಾ ಹ್ಯಾನಫರ್ಡ್ ಯಂತ್ರದೊಂದಿಗೆ ಚರ್ಚಿನ ಸಭಾಂಗಣಕ್ಕೆ ಬಂದರು. ಅರ್ಧ ಊರು ಸೇರಿತ್ತು. ಚಹಾದ ಪಾತ್ರೆಯ ಹತ್ತಿರ ನಾನೂ ಇದ್ದೆ. ಪ್ರಿಸ್ಕಾ ಕನ್ನಡಕ ಮೇಲೇರಿಸಿ ಚಮಚವನ್ನು ತಿರುಗಿಸಿ ನೋಡಿದರು. ಗುಂಡಿನ ಕೆಳಗೆ, ಹಿಡಿ ಶುರುವಾಗುವಲ್ಲಿ, ಕಮ್ಮಾರ ಕೆರೆದ ಗೀರು ಈಗಲೂ ಹಸಿ ಗಾಯದಂತಿತ್ತು.

“ಅಲ್ಲಿಂದಾನೇ ಶುರು ಮಾಡೋಣ,” ಎಂದು ಯಂತ್ರದ ಮೂತಿಯನ್ನು ಗೀರಿನ ಮೇಲಿಟ್ಟರು.

ಪರದೆಯ ಮೇಲೆ ಅಂಕಿ ಮೂಡಿತು. ಒಳ್ಳೆಯ ಬೆಳ್ಳಿಯೆಂದರೆ ನೂರಕ್ಕೆ ತೊಂಬತ್ತೆರಡರ ಮೇಲಿರಬೇಕು. ಇದು ಎಪ್ಪತ್ತರ ಆಸುಪಾಸಿನಲ್ಲಿ ನಿಂತಿತು.

ಯಾರೋ ಹಿಂದಿನಿಂದ “ಗಿಡ್ಲಿ ಚ...” ಎಂದು ಶುರು ಮಾಡಿ ನುಂಗಿಕೊಂಡರು. ಥರ್ಜಾ ಕುರ್ಚಿಯ ಬೆನ್ನಿಗಿದ್ದ ಮೇಲಂಗಿ ತೆಗೆದುಕೊಂಡು ಒಂದು ತೋಳು ಹಾಕಿಕೊಂಡರು, ಇನ್ನೊಂದು ತೋಳು ಎಲ್ಲಿದೆಯೆಂದು ಸಿಗಲಿಲ್ಲ. ನಾನೂರು ವರ್ಷದ ವಾದ ಗೆದ್ದ ಚಗ್ ಮನೆತನದ ರೂಬೆನ್ ಹಣೆಯ ಮೇಲೆ ಕೈ ಇಟ್ಟುಕೊಂಡು ನೆಲ ನೋಡುತ್ತಿದ್ದರು.

“ಕೂತ್ಕೊಳ್ಳಿ ಅಮ್ಮ, ಎಲ್ಲಿಗೆ ಹೊರಟ್ರಿ?” ಎಂದರು ಪ್ರಿಸ್ಕಾ. “ನಾನಿನ್ನೂ ಚಮಚ ನೋಡೇ ಇಲ್ಲ.”

ಯಂತ್ರವನ್ನು ಹಿಡಿಯ ನಡುವೆ ಇಟ್ಟರು. ತೊಂಬತ್ತೆರಡೂವರೆ. ಚಮಚದ ಬಾಯಿಯೊಳಗೆ ಇಟ್ಟರು. ಅಷ್ಟೇ. ಬೆನ್ನಿಗೆ ಇಟ್ಟರು. ಕೂದಲೆಳೆಯಷ್ಟು ಹೆಚ್ಚು. ತುದಿಯ ಗುಂಡೂ ಅಪ್ಪಟ. ಮತ್ತೆ ಗೀರಿಗೆ ಬಂದರು, ಮತ್ತೆ ಎಪ್ಪತ್ತು. ಪ್ರಿಸ್ಕಾ ನಗಲು ಶುರು ಮಾಡಿದರು.

“ಗುಂಡನ್ನ ಬೇರೆ ಎರಕ ಹೊಯ್ದು ಹಿಡಿಗೆ ಬೆಸುಗೆ ಹಾಕ್ತಾರೆ. ಬೆಸುಗೆ ಬೇಗ ಕರಗ್ಬೇಕು, ಇಲ್ದಿದ್ರೆ ಚಮಚಾನೇ ಕರಗಿಹೋಗತ್ತೆ. ಅದಕ್ಕೆ ಬೆಸುಗೆಗೆ ತಾಮ್ರ ಜಾಸ್ತಿ ಸೇರಿಸ್ಲೇಬೇಕು. ಎಲ್ರೂ ಸೇರಿಸ್ತಾರೆ, ಇವತ್ತಿಗೂ. ತಾಮ್ರ ಇದ್ದ ಕಡೆ ಬೇಗ ಕಪ್ಪಾಗತ್ತೆ. ಕಪ್ಪಾದ ಕಡೆ ಅನುಮಾನ ಬಂತು, ಅನುಮಾನ ಬಂದ ಕಡೆನೇ ಕೆರೆದ್ರು. ಇಡೀ ಚಮಚದಲ್ಲಿ ಕೆರೀಬಾರದ ಜಾಗ ಒಂದೇ ಒಂದು. ಅವರು ಕೆರೆದಿದ್ದು ಅಲ್ಲೇ.”

“ಅಂದ್ರೆ?” ಎಂದರು ಥರ್ಜಾ. ಅರ್ಥವಾಗದೆ ಅಲ್ಲ, ಇನ್ನೊಮ್ಮೆ ಕೇಳಬೇಕೆಂದು.

“ಅಂದ್ರೆ ನಿಮ್ಮಜ್ಜ ಮೋಸ ಮಾಡಿಲ್ಲ ಕಣಮ್ಮ. ಅಚ್ಚುಕಟ್ಟಾಗಿ ಕೆಲ್ಸ ಮಾಡಿದಾನೆ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತು ಕೇಳಿದ್ದೆ. ಇಲ್ಲಿ ಎತ್ತಿಗೆ ಜ್ವರವೂ ಇರಲಿಲ್ಲ. ಥರ್ಜಾ ಒಂದೇ ತೋಳಿನ ಮೇಲಂಗಿಯಲ್ಲಿ ನಿಂತು ಅಳುತ್ತಾ ನಗುತ್ತಿದ್ದರು. ಸಭಾಂಗಣಕ್ಕೆ ಸಭಾಂಗಣವೇ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ಇಷ್ಟು ದಿನ ಆಡಿಕೊಂಡವರಿಗೇ ಇಷ್ಟು ಹಗುರಾಯಿತಲ್ಲ ಎಂದು ಸೋಜಿಗವಾಯಿತು. ರೂಬೆನ್ ಮೂಗು ಸೀಟಿಕೊಂಡು ಹತ್ತಿರ ಬಂದರು.

“ಥರ್ಜಾ, ನಮ್ಮೋರ ಪರವಾಗಿ...”

“ಸಾಕು ಸುಮ್ನಿರೋ. ಮೊಳೆ ಹೊಡೆದೋನು ನೀನಾ? ನಿಂಗೆ ಗೋಡೆಗೆ ಮೊಳೆ ಹೊಡಿಯೋಕೂ ಬರಲ್ಲ.”

ಅಲ್ಲಿಂದಲೇ ಪ್ಲಿಮತ್‌ಗೆ ಫೋನ್ ಹೋಯಿತು. “ಡೆನ್ಜಿಲ್, ನಮ್ಮಜ್ಜ ಕಳ್ಳ ಅಲ್ಲ ಕಣೋ.” ತಮ್ಮ ಕೇಳಿದ್ದು ಒಂದೇ ಮಾತು: “ಅಪ್ಪ ಇರ್ಬೇಕಿತ್ತು, ಅಲ್ವೇನೇ?” ಡೆನ್ಜಿಲ್ ಅವರ ಮಗಳು ಲವ್‌ಡೇ ಆಗ ಬಸುರಿ. ಜನವರಿಯಲ್ಲಿ ಹೆಣ್ಣುಮಗು ಹುಟ್ಟಿತು. ಜೋನ್ ಎಂದು ಹೆಸರಿಟ್ಟರು. ಆ ಮಗುವಿಗೆ ಇಂದು ಇದೇ ಚರ್ಚಿನಲ್ಲಿ ದೀಕ್ಷಾಸ್ನಾನ, ನಾಮಕರಣ. ಬೆಳಗಿನ ಜಾವದಲ್ಲೇ ಥರ್ಜಾ ಇಲ್ಲಿರುವುದು ಅದಕ್ಕೇ, ನೆಂಟರು ಬರುವ ಮುಂಚೆ ದಾರಿಯ ಹುಲ್ಲು ಓರಣವಾಗಬೇಕು.

ಬಿಸಿಲು ಸರಿದು ಜೋನಳ ಗೋರಿಯ ಚಮಚ ಮತ್ತೆ ಕಲ್ಲಿನೊಳಗೆ ಸೇರಿಕೊಂಡಿದೆ. ಥರ್ಜಾ ಮಂಡಿ ಹಿಡಿದು ಏಳುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಜೋನಳ ಪಕ್ಕದಲ್ಲಿ ನೆಲ ಒಂದಾಳುದ್ದ ತಗ್ಗಾಗಿರುವುದನ್ನು ತೋರಿಸುತ್ತಾರೆ. ಆಂಬ್ರೋಸ್ ಅಲ್ಲೇ ಇರಬೇಕು ಎಂದು ಅವರ ಊಹೆ. ಕಲ್ಲಿಲ್ಲ, ಹೆಸರಿಲ್ಲ. “ಕಲ್ಲು ಗಿಲ್ಲು ಬೇಡ. ಇಲ್ಲಿಗೂ ಯಾರಾದ್ರೂ ಒಂದ್ ಹೂವು ತರ್ಲಿ, ಅಷ್ಟೇ,” ಎಂದು ಮುದುಕಿಯ ದಾರ ಎಳೆಯುತ್ತಾರೆ. ಮುದುಕಿ ಏಳುವುದಿಲ್ಲ. ಬೈಗುಳ ಶುರುವಾಗುತ್ತದೆ.

ಮಧ್ಯಾಹ್ನ ಸಭಾಂಗಣದಲ್ಲಿ ಕೇಕ್, ಹ್ಯಾಮ್, ಸೇಬಿನ ಮದ್ಯ. ಹುಲ್ಲಿನ ಕಲೆ ಹೋಗದ ಬೆರಳುಗಳಿಂದ ಥರ್ಜಾ ಮಗುವಿನ ಟೋಪಿ ಸರಿಮಾಡುತ್ತಿದ್ದಾರೆ. ಬಿಗಿಯಾದ ಕೋಟಿನಲ್ಲಿ ಕೆಂಪಗಾಗಿರುವ ರೂಬೆನ್ ಬಂದು ಸಾಸೇಜ್ ಕಾಗದದ ಪೊಟ್ಟಣವನ್ನು ಚಾಚುತ್ತಾರೆ.

“ಕೊಡೋದಲ್ಲ, ಎರವಲು. ಇವತ್ತೊಂದಿನ ನೆಕ್ಕಿ ವಾಪಸ್ ಕೊಡ್ಲಿ.”

“ಗೋಡೆಗೆ?” ಎನ್ನುತ್ತಾರೆ ಥರ್ಜಾ.

“ಗೋಡೆಗೇ. ಕೆಳಗೆ ಒಂದ್ ಹಲಗೆ ಬರೆಸ್ತೀನಿ. ಆಂಬ್ರೋಸ್ ಗಿಡ್ಲಿ ಮಾಡಿದ್ದು, ಅಪ್ಪಟ ಬೆಳ್ಳಿ, ಅಂತ. ಕೆರೆದೋರ ಹೆಸ್ರೂ ಹಾಕಿಸ್ಲಾ ಅಂತಿದ್ದೆ. ಮರ್ಯಾದೆ ಹೋಗತ್ತೆ, ಬಿಟ್ಟೆ.”

ಥರ್ಜಾ ಚಮಚವನ್ನು ಉಡುಪಿನ ಅಂಚಿನಲ್ಲಿ ಒರೆಸಿ ಮಗುವಿನ ಕೈಗೆ ಕೊಡುತ್ತಾರೆ. ಆ ಮೊಳೆಯ ದಿನದಿಂದೀಚೆಗೆ ಗಿಡ್ಲಿ ಮನೆಯ ಕೈಯಿಂದ ಒಂದು ನಾಮಕರಣಕ್ಕೆ ಬೆಳ್ಳಿ ಬಂದದ್ದು ಇದೇ ಮೊದಲು. ಜೋನ್ ಅದನ್ನು ಕಣ್ಣರಳಿಸಿ ನೋಡಿ, ಸೀದಾ ಬಾಯಿಗಿಟ್ಟು, ಹೊಸದಾಗಿ ಮೊಳೆತ ಎರಡು ಹಲ್ಲುಗಳಿಂದ ಗುಂಡಿನ ಬೆಸುಗೆಯ ಮೇಲೇ ಕಟಕಟ ಕಚ್ಚುತ್ತಾಳೆ.

“ಅಯ್ಯೋ ಅತ್ತೆ, ನಾನೂರು ವರ್ಷದ್ದು! ಕಿತ್ತುಹೋದ್ರೆ?” ಎಂದು ಲವ್‌ಡೇ ಕೈ ಚಾಚುತ್ತಾಳೆ.

ಥರ್ಜಾ ಆ ಕೈ ಹಿಡಿದು ನಿಲ್ಲಿಸುತ್ತಾರೆ. ಕಣ್ಣು ಒದ್ದೆಯಾಗಿದ್ದರೂ ದನಿ ಇಡೀ ಸಭಾಂಗಣಕ್ಕೆ ಕೇಳುವಷ್ಟು ಗಟ್ಟಿಯಾಗಿದೆ.

“ಬಿಡೇ, ಕಚ್ಲಿ. ಎಲ್ಲಿ ಬೇಕಾದ್ರೂ ಕಚ್ಲಿ. ಏನೂ ಆಗಲ್ಲ ಅದಕ್ಕೆ. ಅದು ಗಿಡ್ಲಿ ಚಮಚ.”